ಅಣ್ಣನ ಸಹಿ

ಅವನ ಟೋಪಿ ಗಾಳಿಗೆ ಹಾರದಂತೆ ಹಿಡಿದಿದ್ದ ಕ್ಲಿಪ್ಪು ನನ್ನದು. ಅಂಕೋಲೆಯ ಪೇಟೆಯಲ್ಲಿ ರಟ್ಟಿಗೆ ಸಿಕ್ಕಿಸಿ ಮಾರುವ ಕಪ್ಪು ಕ್ಲಿಪ್ಪು, ತುದಿಯ ಬಣ್ಣ ಎದ್ದು ಒಳಗಿನ ತಗಡು ಕಾಣುತ್ತಿತ್ತು. ಕೋಡಿಬಾಗದಲ್ಲಿ ದೇವಬಾಗದ ದೋಣಿಗೆ ಕಾಯುತ್ತ ಅವನು ಒಂದು ಕೈಯಲ್ಲಿ ಚೀಲವನ್ನೂ ಇನ್ನೊಂದರಲ್ಲಿ ನೆತ್ತಿಯನ್ನೂ ಹಿಡಿದು ನಿಂತಿದ್ದ. ನೆತ್ತಿಯ ಮೇಲೆ ಅಂಗೈ ಅಗಲದ ಹೆಣೆದ ಟೋಪಿ. ನಾನು ಜಡೆಯಿಂದ ಕ್ಲಿಪ್ಪು ತೆಗೆದು ಚಾಚಿದೆ. ಅವನು ಕೈ ಮುಂದೆ ಮಾಡಲಿಲ್ಲ. ನಾನು ಅದನ್ನು ಕಲ್ಲಿನ ಮೇಲಿಟ್ಟ ಮೇಲೆ ಎತ್ತಿಕೊಂಡು, ಇಂಗ್ಲಿಷಿನಲ್ಲಿ ಎರಡು ಸಲ ಥ್ಯಾಂಕ್ಸ್ ಹೇಳಿದ.

ಕೈಗೆ ಕೈ ತಾಗಿಸದೆ ಕೆಳಗಿಟ್ಟು ಕೊಡುವವರನ್ನು, ಎತ್ತಿಕೊಳ್ಳುವವರನ್ನು ನೋಡಿಯೇ ಬೆಳೆದವಳು ನಾನು. ಅದರ ಕಾರಣಗಳು ನನಗೆ ಗೊತ್ತಿದ್ದವು. ಇವನದು ಅವುಗಳಲ್ಲಿ ಯಾವುದೂ ಅಲ್ಲ ಎಂದು ಆಮೇಲೆ ಅವನ ತಂಗಿ ಹೇಳಿದಳು. "ಅವನಿಗೆ ನೀನು ಹೆಂಗಸು, ಅಷ್ಟೆ. ಹೆಂಡತಿ, ತಾಯಿ ಬಿಟ್ಟರೆ ಯಾರ ಕೈಯನ್ನೂ ಮುಟ್ಟುವುದಿಲ್ಲ. ನನ್ನ ಕೈ ಮುಟ್ಟಬಹುದು, ಆದರೆ ಮುಟ್ಟುತ್ತಿಲ್ಲ."

ಮೊದಲಿನಿಂದ ಹೇಳಬೇಕು.

ಆ ವರ್ಷ ನಾನು ಧಾರವಾಡದಲ್ಲಿ ಕಾನೂನು ಓದಿ ಮುಗಿಸಿ ಕಾರವಾರದ ಒಬ್ಬ ವಕೀಲೆಯ ಕಚೇರಿಯಲ್ಲಿ ಕೆಲಸ ಕಲಿಯುತ್ತಿದ್ದೆ. ದಿನವೂ ಅಂಕೋಲೆಯಿಂದ ಬಸ್ಸು. ಚೆಂಡಿಯಾದ ಹತ್ತಿರ ನೌಕಾನೆಲೆಯ ಗೋಡೆ ಕಿಟಕಿಯ ಪಕ್ಕದಲ್ಲೇ ಬಹಳ ಹೊತ್ತು ಓಡುತ್ತದೆ. ಆ ಗೋಡೆಯ ಆಚೆ ಮನೆ, ಗದ್ದೆ ಬಿಟ್ಟು ಬಂದವರ ಪರಿಹಾರದ ದಾವೆಗಳೇ ನಮ್ಮ ಕಚೇರಿಯ ಮುಖ್ಯ ಕೆಲಸವಾಗಿತ್ತು. ನನಗೆ ಯಾವುದರಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೆ ಇಳಿಯಬೇಕು ಅನಿಸುತ್ತಿತ್ತು, ಕಚೇರಿಗೆ ಬಂದರೆ ಬಸ್ಸು ಹತ್ತಬೇಕು ಅನಿಸುತ್ತಿತ್ತು. ಮನೆಯಲ್ಲಿ ಅವ್ವ ಗಂಡು ನೋಡುವ ಮಾತು ತೆಗೆದಾಗಲೆಲ್ಲ "ಆಮೇಲೆ" ಎನ್ನುತ್ತಿದ್ದೆ. ಆಮೇಲೆ ಎಂದರೆ ಯಾವಾಗ ಎಂದು ನನಗೇ ಗೊತ್ತಿರಲಿಲ್ಲ.

ಆ ಹುಡುಗ, ಹುಡುಗಿ ನಮ್ಮ ಕಚೇರಿಗೆ ಬಂದದ್ದು ಏಪ್ರಿಲ್ ಕೊನೆಗೆ. ಇಸ್ರೇಲಿನವರು. ಸೈನ್ಯದ ಕಡ್ಡಾಯ ಸೇವೆ ಮುಗಿಸಿ ಬಂದು ಗೋಕರ್ಣದ ಕಡೆ ತಿಂಗಳುಗಟ್ಟಲೆ ಇದ್ದುಬಿಡುವ ಅಂಥ ಹುಡುಗರನ್ನು ನಾವು ಬಸ್ಸಿನಲ್ಲಿ ನೋಡುತ್ತಲೇ ಇದ್ದೆವು. ಇವರು ಮಾತ್ರ ಗದ್ದಲ ಬೇಡವೆಂದು ದೇವಬಾಗದ ಒಬ್ಬ ಮೀನುಗಾರನ ಮನೆಯಲ್ಲಿ ಕೋಣೆ ಹಿಡಿದು ಆಗಲೇ ತಿಂಗಳ ಮೇಲಾಗಿತ್ತು. ಹುಡುಗಿ ಕೂರುವ ಮೊದಲೇ ಕೇಳಿದಳು, "ನಾವು ಇಲ್ಲಿ ಮದುವೆಯಾಗಬಹುದೇ?"

ನಮ್ಮ ಮೇಡಂ ಕನ್ನಡಕದ ಮೇಲಿಂದ ನೋಡಿ ನನಗೆ ಹೇಳಿದರು, "ಆಗ್ಬಹುದು. ಎಂತಕ್ಕೆ ಇಲ್ಲಿ ಅಂತ ಕೇಳು. ಅವ್ರ ಊರಲ್ಲಿ ಮದ್ವೆ ಮಾಡೂರು ಯಾರೂ ಇಲ್ಲವನೆ? ನೀನೇ ಕೇಳು ತಂಗಿ. ನನ್ನ ಇಂಗ್ಲಿಷು ಜಡ್ಜ್ ಸಾಹೇಬ್ರ ಎದ್ರಿಗೆ ಮಾತ್ರ ಬರೂದು."

ನಾನು ವಿಶೇಷ ವಿವಾಹ ಕಾಯ್ದೆಯ ಬಗ್ಗೆ ವಿವರಿಸಿದೆ. ಇಬ್ಬರಲ್ಲಿ ಒಬ್ಬರಾದರೂ ಈ ಜಿಲ್ಲೆಯಲ್ಲಿ ಮೂವತ್ತು ದಿನ ಇದ್ದಿರಬೇಕು. ಆಮೇಲೆ ನೋಟಿಸು ಕೊಡಬೇಕು. ನೋಂದಣಿ ಕಚೇರಿಯ ಗೋಡೆಯ ಮೇಲೆ ಅದು ಮೂವತ್ತು ದಿನ ಇರುತ್ತದೆ. ಯಾರ ತಕರಾರೂ ಇಲ್ಲದಿದ್ದರೆ ಅಧಿಕಾರಿಯ ಎದುರು, ಮೂವರು ಸಾಕ್ಷಿಗಳ ಎದುರು ಮದುವೆ. ಅರ್ಜಿಯ ನಮೂನೆ ಕೊಟ್ಟೆ. ಹುಡುಗಿ ಓದಿದಳು, ಹಿಂದೆ ತಿರುಗಿಸಿ ನೋಡಿದಳು, ಮತ್ತೆ ಮುಂದೆ ತಿರುಗಿಸಿದಳು.

"ಧರ್ಮ ಎಲ್ಲಿ ಬರೆಯಬೇಕು?"

"ಬರೆಯುವುದು ಬೇಡ. ಕೇಳಿಲ್ಲ."

ಅವಳು ಹುಡುಗನ ಕಡೆ ನೋಡಿದಳು. ಅವನು ಕಾಗದವನ್ನು ತನ್ನ ಕಡೆ ಎಳೆದುಕೊಂಡು ಬೆರಳಿಟ್ಟು ಸಾಲು ಸಾಲಾಗಿ ನೋಡಿದ, ನಮ್ಮ ಕಚೇರಿಗೆ ಬರುವ ರೈತರು ಜಮೀನಿನ ಉತಾರ ನೋಡುವಂತೆ. ಪರೀಕ್ಷೆಗೆಂದು ಈ ಕಾಯ್ದೆಯನ್ನು ನಾನು ಬಾಯಿಪಾಠ ಮಾಡಿದ್ದೆ. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಏನಿಲ್ಲ ಎಂಬುದು ಅಂದೇ ಕಣ್ಣಿಗೆ ಬಿದ್ದದ್ದು.

ಕೋರ್ಟಿನ ಪಕ್ಕದ ಕ್ಯಾಂಟೀನಿನಲ್ಲಿ ಬನ್ಸು, ಚಹಾ ತರಿಸಿಕೊಂಡು ಅವಳು ಕಾರಣ ಹೇಳಿದಳು. ನಾವು ಮಾತಾಡುತ್ತಿದ್ದ ಇಂಗ್ಲಿಷು ಮೂವರಲ್ಲಿ ಯಾರದೂ ಅಲ್ಲ, ಹಾಗಾಗಿ ಎಲ್ಲರೂ ನಿಧಾನವಾಗಿ, ನೇರವಾಗಿ ಮಾತಾಡುತ್ತಿದ್ದೆವು. ಅವರ ದೇಶದಲ್ಲಿ ಮದುವೆಯ ಸರಕಾರಿ ಕಚೇರಿ ಎಂಬುದು ಇಲ್ಲ. ಯೆಹೂದಿಗಳಿಗೆ ರಬ್ಬಿಗಳು, ಅಂದರೆ ಅವರ ಧರ್ಮಗುರುಗಳು, ಮದುವೆ ಮಾಡಿಸಿದರೆ ಮಾತ್ರ ಮದುವೆ. ಉಳಿದ ಧರ್ಮದವರಿಗೆ ಅವರವರ ಗುರುಗಳು. ಈ ಹುಡುಗನ ತಂದೆ ಯೆಹೂದಿ, ತಾಯಿ ರಷ್ಯಾದ ಹೆಂಗಸು, ಯೆಹೂದಿ ಅಲ್ಲ. ರಬ್ಬಿಗಳ ಲೆಕ್ಕದಲ್ಲಿ ಮಗು ತಾಯಿಯ ಕಡೆ. ಆದ್ದರಿಂದ ಇವನು ಯೆಹೂದಿ ಅಲ್ಲ. ಬೇರೆ ಯಾವ ಧರ್ಮದವನೂ ಅಲ್ಲದ್ದರಿಂದ ಇವನಿಗೆ ಮದುವೆ ಮಾಡಿಸುವವರೇ ಅಲ್ಲಿಲ್ಲ.

"ಸೈನ್ಯದಲ್ಲಿ ಮೂರು ವರ್ಷ ಇದ್ದೆ," ಎಂದ ಹುಡುಗ, ಬನ್ಸನ್ನು ಚಹಾದಲ್ಲಿ ಅದ್ದುತ್ತ. "ಅಲ್ಲಿ ಅಮ್ಮನ ಬಗ್ಗೆ ಯಾರೂ ಕೇಳಲಿಲ್ಲ."

ಹೊರದೇಶದಲ್ಲಿ ಆದ ಮದುವೆಯ ಕಾಗದ ತಂದರೆ ಅವರ ಸರಕಾರ ದಾಖಲೆಯಲ್ಲಿ ಬರೆದುಕೊಳ್ಳುತ್ತದಂತೆ. ಅದಕ್ಕೇ ಅಂಥವರೆಲ್ಲ ಪಕ್ಕದ ದ್ವೀಪಕ್ಕೆ ವಿಮಾನ ಹತ್ತುತ್ತಾರೆ. ಇವರು ಹೇಗೂ ಇಲ್ಲಿದ್ದರು.

"ನಿನ್ನ ಮನೆಯವರು?" ಎಂದು ಕೇಳಿದೆ. ಅದು ಕಚೇರಿಗೆ ಬೇಕಾದ ಪ್ರಶ್ನೆಯಲ್ಲ. ಸಾಮಾನ್ಯವಾಗಿ ನಾನು ಅಂಥದ್ದನ್ನು ಕೇಳುವವಳಲ್ಲ.

ತಂದೆ, ತಾಯಿ ದೇವರು ದಿಂಡರು ಇಟ್ಟುಕೊಂಡವರಲ್ಲ. ಅವಳೂ ಅಲ್ಲ. ಅಣ್ಣ ಒಬ್ಬ. ಸೈನ್ಯದಿಂದ ಬಂದ ಮೇಲೆ ಅವನು ಒಮ್ಮೆಗೇ ಧಾರ್ಮಿಕನಾಗಿಬಿಟ್ಟ. ಅಮ್ಮನ ಅಡುಗೆ ಬಿಟ್ಟ, ಬೇರೆ ಊರಿಗೆ ಹೋದ, ತನ್ನಂತೆಯೇ ಧರ್ಮ ಹಿಡಿದ ಹುಡುಗಿಯನ್ನು ಮದುವೆಯಾದ. ಚಿಕ್ಕವಳಿದ್ದಾಗ ಅವಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಸಮುದ್ರಕ್ಕೆ ಕರೆದೊಯ್ಯುತ್ತಿದ್ದವನು ಅವನೇ. "ಅವನಿಗೆ ಬರೆದಿದ್ದೇನೆ," ಎಂದಳು. "ಬರುವುದಿಲ್ಲ. ಬಂದರೆ ಬೈಯಲು ಬರುತ್ತಾನೆ. ಬರಲಿ."

ಸಾಕ್ಷಿಗಳಲ್ಲಿ ಒಬ್ಬ ದೇವಬಾಗದ ಮನೆಯ ಯಜಮಾನ, ಇನ್ನೊಬ್ಬರು ನಮ್ಮ ಮೇಡಂ. ಮೂರನೆಯವರು ಯಾರು ಎಂದದ್ದಕ್ಕೆ ಅವಳು, "ಕೊನೆಗೆ ಹೇಳುತ್ತೇನೆ. ಯಾರೂ ಇಲ್ಲದಿದ್ದರೆ ನೀನು," ಎಂದಳು. ಯಾರಿಗಾಗಿ ಆ ಜಾಗ ಎಂದು ಆಗಲೇ ತಿಳಿಯಿತು. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಅಣ್ಣ ಆ ಕೋಣೆಯಲ್ಲಿರಬೇಕು.

ಜೂನ್ ಹತ್ತಿರವಾಗುತ್ತಿತ್ತು. ಮಳೆಯ ಮುಂಚಿನ ಸೆಕೆ. ನೋಟಿಸಿನ ಅವಧಿ ಮುಗಿಯುವ ವಾರ ಅಣ್ಣ ಬಂದ. ದೇವಬಾಗಕ್ಕಲ್ಲ, ನೇರ ನಮ್ಮ ಕಚೇರಿಗೆ. ಬಿಳಿ ಅಂಗಿ, ಗಡ್ಡ, ಸೊಂಟದ ಹತ್ತಿರ ಅಂಗಿಯ ಕೆಳಗಿಂದ ಇಳಿಬಿದ್ದ ಬಿಳಿ ದಾರಗಳು. ಬಾಗಿಲ ಬಳಿ ಚಪ್ಪಲಿ ಬಿಡಬೇಕೋ ಬೇಡವೋ ಎಂದು ನಮ್ಮ ಕಾಲು ನೋಡಿ, ಬಿಟ್ಟು ಬಂದ.

"ಯಾರು ತಕರಾರು ಮಾಡಬಹುದು?" ಎಂದು ಕೇಳಿದ.

ಮೇಡಂ ಹೇಳಿದ್ದನ್ನು ನಾನು ಹೇಳಿದೆ. ಯಾರು ಬೇಕಾದರೂ. ಆದರೆ ಕಾರಣ ಕಾನೂನಿನದಾಗಿರಬೇಕು. ಮೊದಲೇ ಮದುವೆಯಾಗಿರುವುದು, ವಯಸ್ಸು ಸಾಲದಿರುವುದು, ಬುದ್ಧಿ ಸ್ವಾಧೀನವಿಲ್ಲದಿರುವುದು, ಹತ್ತಿರದ ರಕ್ತಸಂಬಂಧ.

"ಧರ್ಮ?"

"ಅದು ಕಾರಣವಲ್ಲ."

ಅವನು ತಲೆಯಾಡಿಸಿದ. ಸಿಟ್ಟು ಬಂದಂತೆ ಕಾಣಲಿಲ್ಲ. ಎಲ್ಲ ಅಂಗಡಿಗಳಲ್ಲೂ ಕೇಳಿಯಾಯಿತು, ಇಲ್ಲೂ ಇಲ್ಲ ಎಂಬಂತಹ ಮುಖ. ಆಮೇಲೆ ತಾರೀಕು ಕೇಳಿದ. ನೋಂದಣಿ ಕಚೇರಿಯ ಗುಮಾಸ್ತ ಶನಿವಾರ ಕೊಟ್ಟಿದ್ದ, ಅಂದು ಜನ ಕಡಿಮೆ ಎಂದು. ಹುಡುಗ, ಹುಡುಗಿ ಒಪ್ಪಿದ್ದರು. ಭಾನುವಾರ ಅವರಿಗೆ ಮುಂಬಯಿಯ ರೈಲಿತ್ತು. ಅಮಾವಾಸ್ಯೆಯಲ್ಲ, ಎರಡನೆಯ ಶನಿವಾರವೂ ಅಲ್ಲ ಎಂದು ನಾನೂ ನೋಡಿದ್ದೆ.

"ಶನಿವಾರ," ಎಂದು ಅವನು ಮತ್ತೆ ಹೇಳಿದ. "ವಾರದಲ್ಲಿ ಅವರಿಗೆ ಏಳು ದಿನ ಇತ್ತು."

ಶುಕ್ರವಾರ ಸೂರ್ಯ ಮುಳುಗಿದಲ್ಲಿಂದ ಶನಿವಾರ ಕತ್ತಲಾಗುವವರೆಗೆ ಶಬ್ಬಾತ್, ಅವರ ವಾರದ ವಿಶ್ರಾಂತಿಯ ದಿನ. ಆ ಹೊತ್ತಿನಲ್ಲಿ ಅವನು ಬರೆಯುವಂತಿಲ್ಲ, ಗಾಡಿ ಹತ್ತುವಂತಿಲ್ಲ, ಬೆಂಕಿ, ದೀಪ ಮುಟ್ಟುವಂತಿಲ್ಲ. ಬಂದರೂ ಸಹಿ ಹಾಕಲಾರ. ಬರಲೂ ಆರ. ಬೇಕೆಂದೇ ಆ ದಿನ ಇಟ್ಟಿದ್ದಾರೆ ಎಂದು ಅವನು ತಿಳಿದ. ನನಗೆ ಗೊತ್ತಿತ್ತು, ಅವರಿಬ್ಬರೂ ಶನಿವಾರವನ್ನು ಶಬ್ಬಾತ್ ಎಂದು ಎಣಿಸಿಯೇ ಇರಲಿಲ್ಲ.

ಬೆಂಚಿನ ಮೇಲೆ ಚೆಂಡಿಯಾದ ಕಡೆಯ ಒಬ್ಬ ಅಜ್ಜಿ ಕೂತಿದ್ದಳು, ಪರಿಹಾರದ ಕೇಸಿನವಳು. ಎಂತ ಅಂತೆ ಎಂದು ಕೇಳಿದಳು. ಹೇಳಿದೆ.

"ಶನಿವಾರ ಬಸ್ಸಿಗೂ ಹತ್ತೂಕೆ ಬಿಡೂದಿಲ್ಲವನ ಇವ್ರ ದೇವ್ರು?" ಎಂದಳು. "ನಮ್ಮ ದೇವ್ರನ್ನ ಲಾರಿ ಮೇಲೆ ಹೇರ್ಕಂಡು ತಂದ್ರಲ್ಲೇ ತಂಗಿ. ಸರಕಾರ ಏಳು ಅಂದ್ರೆ ದೇವ್ರೂ ಏಳೂದು. ಅಂವಂಗೆ ಹೇಳು."

ನಾನು ಅವನಿಗೆ ಹೇಳಿದೆ, ಲಾರಿಯ ಭಾಗವನ್ನೂ ಬಿಡದೆ. ಅವನು ಅಜ್ಜಿಯ ಕಡೆ ತಿರುಗಿ ಬಹಳ ಗಂಭೀರವಾಗಿ, "ನಮ್ಮ ದೇವರಿಗೂ ಹಾಗೆ ಆಗಿದೆ. ಬಹಳ ಸಲ," ಎಂದ.

ಮರುದಿನ ಮನೆಯ ಯಜಮಾನನಿಂದ ಒಂದು ಸಹಿ ಬೇಕಿತ್ತು. ಮೇಡಂ ನನ್ನನ್ನು ದೇವಬಾಗಕ್ಕೆ ಕಳಿಸುತ್ತ, "ಅಂವನ್ನೂ ಕರ್ಕಂಡು ಹೋಗು. ಅಣ್ಣ ತಂಗಿ ಎದ್ರಾ ಎದ್ರು ಕೂತು ಜಗಳ ಮಾಡ್ಲಿ. ನಮ್ಮ ಕಚೇರೀಲಿ ಬೇಡ," ಎಂದರು. ಕ್ಲಿಪ್ಪು ಕೊಟ್ಟದ್ದು ಆ ದಿನವೇ.

ಗಾಳಿಮರಗಳ ಕೆಳಗೆ ಅವರು ತಮ್ಮ ಭಾಷೆಯಲ್ಲಿ ಮಾತಾಡಿದರು. ಮೊದಲು ಮೆಲ್ಲಗೆ, ಆಮೇಲೆ ಇಬ್ಬರೂ ಒಟ್ಟಿಗೆ. ಯಜಮಾನನ ಹೆಂಡತಿ ಅವನಿಗೆ ಊಟ ಬಡಿಸಲು ಎದ್ದಳು. ಅವನು ಬೇಡವೆಂದ. ಬೇರೆಯವರ ಪಾತ್ರೆಯಲ್ಲಿ ಬೆಂದದ್ದು ಆಗದು. ಹಣ್ಣು ಆಗಬಹುದು. ನಾನು ಅಂಕೋಲೆಯಿಂದ ತಂದ ಇಶಾಡು ಮಾವಿನ ಹಣ್ಣು ಕೊಟ್ಟೆ, ಈ ಸಲ ಮೊದಲೇ ಕಟ್ಟೆಯ ಮೇಲಿಟ್ಟು. ಅವನು ತನ್ನ ಚಾಕುವಿನಿಂದ ಸಿಪ್ಪೆ ತೆಗೆದು, ಏನೋ ಪ್ರಾರ್ಥನೆ ಗುಣುಗಿ, ಒಂದರ ಹಿಂದೆ ಒಂದು ಮೂರು ತಿಂದ.

"ಇಂವ ಭಟ್ಟನನಾ?" ಎಂದು ಯಜಮಾನನ ಹೆಂಡತಿ ನನ್ನನ್ನು ಕೇಳಿದಳು.

"ಅಲ್ಲ, ಶಾಲೆ ಮಾಸ್ತರ."

"ಹಂಗಾರೆ ಇಷ್ಟು ಮಡಿ ಎಂತಕ್ಕೆ? ನಮ್ಮ ಮೀನು ಬಿಟ್ಟ, ಪಾಪ."

ಹಿಂದಿರುಗುವ ದೋಣಿ ಬಂತು. ಹುಡುಗಿ ನಮ್ಮನ್ನು ಕಳಿಸಲು ನೀರಿನವರೆಗೆ ಬಂದಿದ್ದಳು. ಅವನು ದೋಣಿ ಹತ್ತಿದ ಮೇಲೆ ನನ್ನ ತೋಳು ಹಿಡಿದು, "ಶುಕ್ರವಾರ ಆಗುತ್ತದೆಯೇ ಕೇಳು. ನಾನು ಕೇಳಿದೆ ಅಂತ ಅವನಿಗೆ ಹೇಳಬೇಡ," ಎಂದಳು.

ನೋಟಿಸಿನ ಮೂವತ್ತು ದಿನ ಗುರುವಾರಕ್ಕೆ ಮುಗಿಯುತ್ತಿತ್ತು. ಶುಕ್ರವಾರಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ, ಗುಮಾಸ್ತನ ಅಡ್ಡಿ ಇತ್ತು. "ಎಂತ ಮೇಡಂ, ಮದ್ವೆ ತಾರೀಕು ಅಂದ್ರೆ ಬಸ್ಸಿನ ಸೀಟೇನ್ರೀ ಬದ್ಲು ಮಾಡೂಕೆ?" ಎಂದ. "ಶುಕ್ರವಾರ ಸಾಹೇಬ್ರಿಗೆ ಮೀಟಿಂಗು. ಶನಿವಾರ ಎಂತ ತೊಂದ್ರೆ? ಶನಿ ಕಾಟವನ?"

"ಹಾಗೇ ಅಂದ್ಕೊಳ್ಳಿ," ಎಂದೆ.

ಅದು ಅವನಿಗೆ ಅರ್ಥವಾಯಿತು. ಶನಿವಾರ ಬೇಡ ಎನ್ನುವವರಿಗೆ ನಮ್ಮ ಕಡೆ ಕಾರಣ ಕೇಳುವುದಿಲ್ಲ. ಮೀಟಿಂಗು ಮುಗಿಸಿ ಸಾಹೇಬರು ನಾಲ್ಕಕ್ಕೆ ಬರುತ್ತಾರೆ, ಆಗ ಬನ್ನಿ ಎಂದ. ಅಣ್ಣನಿಗೆ ನಾನೇ ಹೇಳಿಕಳಿಸಿದೆ, ಕೇಳಿದ್ದು ಯಾರೆಂದು ಹೇಳದೆ.

ನಾಲ್ಕಕ್ಕೆ ನಾವೆಲ್ಲ ಅಲ್ಲಿದ್ದೆವು. ಸಾಹೇಬರು ಇರಲಿಲ್ಲ. ಮೇಡಂ ವೆರಾಂಡದಲ್ಲಿ ಯಾರದೋ ಕ್ರಯಪತ್ರ ಓದುತ್ತಿದ್ದರು. ಯಜಮಾನ ಇಸ್ತ್ರಿ ಅಂಗಿಯಲ್ಲಿ ಬಿಗಿಯಾಗಿ ಕೂತಿದ್ದ. ಹುಡುಗಿ ಕಾರವಾರದ ಅಂಗಡಿಯಿಂದ ತಂದ ಹಸಿರು ಹತ್ತಿ ಸೀರೆ ಉಟ್ಟಿದ್ದಳು, ಉಡಿಸಿದ್ದು ನಾನೇ. ನಿರಿಗೆ ಕಾಲಿಗೆ ತೊಡರುತ್ತದೆಂದು ಅವಳು ಕೂತಲ್ಲೇ ಎರಡೂ ಕೈಯಲ್ಲಿ ಅದನ್ನು ಹಿಡಿದಿದ್ದಳು. ಅಣ್ಣ ಬರುತ್ತಾನೋ ಇಲ್ಲವೋ ಎಂದು ಯಾರೂ ಮಾತೆತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಮೆಟ್ಟಿಲು ಹತ್ತಿ ಬಂದು, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಸೂರ್ಯ ಮುಳುಗುವ ಮೊದಲು ದೇವಬಾಗ ಮುಟ್ಟಲು ಹೊತ್ತು ಸಾಲದೆಂದು ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಲಾಡ್ಜಿನಲ್ಲಿ ಕೋಣೆ ಮಾಡಿ ಬಂದಿದ್ದ. ಅಲ್ಲಿಗೆ ನಡೆದು ಹೋಗಬಹುದು.

ಐದಾಯಿತು. ಕರೆಂಟು ಹೋಯಿತು. ಸಮುದ್ರದ ಕಡೆಯಿಂದ ಮೋಡ ಬಂದು, ಇನ್ನೂ ಮುಳುಗದ ಸೂರ್ಯನನ್ನು ಮುಚ್ಚಿತು. ಅಣ್ಣ ಕಿಟಕಿಗೆ ಹೋಗುತ್ತಿದ್ದ, ಬರುತ್ತಿದ್ದ, ಕೈಗಡಿಯಾರ ನೋಡುತ್ತಿದ್ದ. ನಾನೂ ನೋಡುತ್ತಿದ್ದೆ. ಅವನು ಹೊರಟುಬಿಟ್ಟರೆ ಮೂರನೆಯವಳಾಗಿ ನಾನೇ ಸಹಿ ಹಾಕಬೇಕಿತ್ತು. ಅಂಥ ಒಂದು ಸಹಿಯ ಹಿಂದೆ ನಿಲ್ಲಲು ನನಗೆ ಹೆದರಿಕೆ ಇರಲಿಲ್ಲ, ಆದರೆ ಅದು ನನ್ನ ಜಾಗವಲ್ಲ.

ಅವನು ನನ್ನ ಪಕ್ಕಕ್ಕೆ ಬಂದು, ತಂಗಿಗೆ ಕೇಳಬಾರದೆಂದು ಮೆಲ್ಲಗೆ ಹೇಳಿದ. "ನೀನು ಕಾನೂನು ಓದಿದವಳು. ಇದನ್ನು ಹೇಳು. ನಿಮ್ಮಲ್ಲಿ ಅಣ್ಣ ಸಾಕ್ಷಿಯಾಗಬಹುದೇ?"

"ಆಗಬಹುದು. ಇಲ್ಲಿ ಬಹಳಷ್ಟು ಜನ ಮನೆಯವರನ್ನೇ ತರುತ್ತಾರೆ."

"ನಮ್ಮಲ್ಲಿ ಆಗದು. ರಕ್ತಸಂಬಂಧಿ ಸಾಕ್ಷಿಯಲ್ಲ. ಅವನು ನೋಡಿದ್ದು ನೋಡಿದ್ದಲ್ಲ, ಬರೆದದ್ದು ಬರೆದದ್ದಲ್ಲ." ಅವನು ಬೆರಳುಗಳನ್ನು ಒಂದೊಂದಾಗಿ ಮಡಚಿದ. "ಇವನ ಜತೆ ಅವಳಿಗೆ ಮದುವೆ ಎಂಬುದೇ ನಮ್ಮ ಕಾನೂನಿನಲ್ಲಿ ಇಲ್ಲ. ಅಂದಮೇಲೆ ಆ ಕೋಣೆಯಲ್ಲಿ ನಡೆಯುವುದು ಮದುವೆಯಲ್ಲ. ನಾನು ಸಾಕ್ಷಿಯೂ ಅಲ್ಲ. ಸರಕಾರಿ ಕಚೇರಿಯಲ್ಲಿ ಹೆಸರು ಬರೆದ ಒಬ್ಬ ಮನುಷ್ಯ. ಅಷ್ಟು ನಾನು ಮಾಡಬಹುದು."

"ನಿಮ್ಮ ಗುರುಗಳನ್ನು ಕೇಳಿದಿರಾ?"

"ಇಲ್ಲ," ಎಂದ. "ಕೇಳಿದರೆ ಅವರು ಉತ್ತರ ಕೊಡುತ್ತಾರೆ."

ಆದರೂ ಆ ಮಾತೆಲ್ಲ ಹುಡುಗಿಗೆ ಕೇಳಿಸಿತ್ತು. ಅವಳು ಸೀರೆ ಹಿಡಿದೇ ಎದ್ದು ಬಂದಳು, ನನ್ನ ಸಲುವಾಗಿಯೋ ಏನೋ ಇಂಗ್ಲಿಷಿನಲ್ಲೇ ಕೇಳಿದಳು.

"ಅಂದರೆ ನಿನ್ನ ಸಹಿಗೆ ಬೆಲೆ ಇಲ್ಲ ಅಂತ ನೀನು ಸಹಿ ಹಾಕಲು ಬಂದಿದ್ದೀಯ."

"ಅಲ್ಲಿ ಬೆಲೆ ಇಲ್ಲ. ಇಲ್ಲಿ ಪೂರ್ತಿ ಇದೆ."

"ನಿನಗೆ ಯಾವುದು ನಿಜ?"

ಅವನು ಮತ್ತೆ ಕೈಗಡಿಯಾರ ನೋಡಿದ. ಅವಳು ಮುಂದೆ ತಮ್ಮ ಭಾಷೆಗೆ ಹೋದಳು. ಮೇಡಂ ಕ್ರಯಪತ್ರ ಕೆಳಗಿಟ್ಟರು. ಯಜಮಾನ ಎದ್ದು ನಿಂತ, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತ. ಅಷ್ಟು ಹೊತ್ತು ಸುಮ್ಮನಿದ್ದ ಹುಡುಗ ಬಂದು ಅಣ್ಣನ ಪಕ್ಕ ನಿಂತು, "ಒಳ್ಳೆಯದಾಯಿತು," ಎಂದ. "ಈ ಕುಟುಂಬದಲ್ಲಿ ಲೆಕ್ಕಕ್ಕಿಲ್ಲದವನು ನಾನೊಬ್ಬನೇ ಅಂದುಕೊಂಡಿದ್ದೆ. ಈಗ ಇಬ್ಬರಾದೆವು."

ಅಣ್ಣ ನಕ್ಕ. ನಗಬಾರದಿತ್ತು ಎಂಬಂತೆ ಗಡ್ಡ ಉಜ್ಜಿಕೊಂಡ. ಹುಡುಗಿ ನಗಲಿಲ್ಲ.

ಸಾಹೇಬರು ಆರು ದಾಟಿದ ಮೇಲೆ ಬಂದರು. ಕರೆಂಟಿಲ್ಲದ್ದಕ್ಕೆ ಮೇಜನ್ನು ಕಿಟಕಿಗೆ ಎಳೆಸಿದರು. ಪಾಸ್‌ಪೋರ್ಟುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಹುಡುಗ ತಪ್ಪದೆ, ಹುಡುಗಿ ಎರಡು ಕಡೆ ತಡವರಿಸಿ, ಒಬ್ಬರನ್ನೊಬ್ಬರು ಕಾನೂನುಬದ್ಧ ಗಂಡ, ಹೆಂಡತಿಯಾಗಿ ಸ್ವೀಕರಿಸಿದ್ದೇವೆ ಎಂದು ಹೇಳಿದರು. ಯಜಮಾನ ಸಹಿ ಹಾಕಿದ, ಮೇಡಂ ಹಾಕಿದರು.

"ಮೂರನೆಯವ್ರು?"

ಅಣ್ಣ ಕಿಟಕಿಯ ಹೊರಗೆ ನೋಡಿದ. ಆಮೇಲೆ ಬಗ್ಗಿ, ಬಲದಿಂದ ಎಡಕ್ಕೆ, ತನ್ನ ಹೆಸರು ಬರೆದ. ಸಾಹೇಬರು ಅದನ್ನು ಪಾಸ್‌ಪೋರ್ಟಿನ ಸಹಿಗೆ ಹೋಲಿಸಿ, "ಸಂಬಂಧ?" ಎಂದು ಕೇಳಿದರು. ಅದು ದಾಖಲೆಗೆ ಬೇಕಾದದ್ದಲ್ಲ, ಸುಮ್ಮನೆ ಕೇಳಿದ್ದು.

"ಅಣ್ಣ," ಎಂದ.

ಅವನು ಪೆನ್ನು ಕೆಳಗಿಟ್ಟು, ತಂಗಿಗೆ ಒಂದು ಮಾತು ಹೇಳಿ, ಎಲ್ಲರಿಗಿಂತ ಮೊದಲು ಮೆಟ್ಟಿಲಿಳಿದ. ಓಡಲಿಲ್ಲ, ಆದರೆ ಅವಸರದಲ್ಲಿದ್ದ. ಹೋಟೆಲಿನಲ್ಲಿ ಎಲ್ಲರಿಗೂ ಊಟ ಹೇಳಿಟ್ಟಿದ್ದಳು ಅವಳು. ಅವನಿಗೆಂದು ಹಣ್ಣು, ಎಳನೀರು ಬೇರೆ. ಅದನ್ನು ಅವನಿಗೆ ಹೇಳುವಷ್ಟು ಹೊತ್ತು ಅವನು ನಿಲ್ಲಲಿಲ್ಲ. ನಾವು ಮೆಟ್ಟಿಲ ಮೇಲೆ ನಿಂತು, ಬಿಳಿ ಅಂಗಿ ರಸ್ತೆಯ ತಿರುವಿನಲ್ಲಿ ಮರೆಯಾಗುವುದನ್ನು ನೋಡಿದೆವು.

"ಏನು ಹೇಳಿದ?" ಎಂದೆ.

"ಶುಭವಾಗಲಿ ಎಂದ. ಶಬ್ಬಾತ್ ಶುಭವಾಗಲಿ, ಅಂತ. ಎಲ್ಲರಿಗೂ ಹೇಳುವುದು." ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಎಲೆಯೂ ಅಲ್ಲಾಡದ ಸೆಕೆ. "ಕರೆಂಟಿಲ್ಲದಾಗ ಕೋಣೆಗೆ ಹೋಗುತ್ತಿದ್ದಾನೆ. ಫ್ಯಾನಿನ ಸ್ವಿಚ್ಚು ಹಾಕಿಡಲು ಮರೆಯುತ್ತಾನೆ. ಮನೆಯಲ್ಲಿದ್ದಾಗಲೂ ಮರೆಯುತ್ತಿದ್ದ. ಕತ್ತಲಾದ ಮೇಲೆ ಮುಟ್ಟುವಂತಿಲ್ಲ. ನಾಳೆ ರಾತ್ರಿಯವರೆಗೆ ಹಾಗೇ ಬೇಯುತ್ತಾನೆ."

"ನೀನು ಹೋಗಿ ಹಾಕಿದರೆ?"

"ಒಮ್ಮೆ ಹಾಕಿದ್ದೆ. ಎದ್ದು ಕೋಣೆಯಿಂದಲೇ ಹೊರಗೆ ಹೋದ. ನಾನು ನಂಬುವುದಿಲ್ಲ, ಆದರೆ ನಾನು ಯೆಹೂದಿ. ನಾನು ನಿಯಮ ಮುರಿದು ಹಾಕಿದ ಗಾಳಿಯನ್ನು ಅವನು ತೆಗೆದುಕೊಳ್ಳುವಂತಿಲ್ಲ." ಅವಳ ದನಿ ಏರಿತು. "ನನ್ನ ಮದುವೆಗೆ ಸಾಕ್ಷಿ ಅಂದರೆ ನಾವಿಬ್ಬರೂ ತೀರಾ ಹತ್ತಿರದವರು, ಆದ್ದರಿಂದ ಲೆಕ್ಕಕ್ಕಿಲ್ಲ. ಒಂದು ಸ್ವಿಚ್ಚು ಅಂದರೆ ನಾನು ಲೆಕ್ಕಕ್ಕಿದ್ದೇನೆ."

"ನಾನು ಹಾಕಬಹುದು," ಎಂದ ಹುಡುಗ, ಈಗ ಗಂಡ. "ಅವರ ಕಾನೂನಿನಲ್ಲಿ ನನ್ನಿಂದ ಇರುವ ಉಪಯೋಗ ಅದೊಂದೇ. ಯೆಹೂದಿ ಅಲ್ಲದ ಹೊರಗಿನವರು ತಮಗಾಗಿ ಹಾಕಿಕೊಂಡರೆ ಆ ಗಾಳಿಗೆ ನಿನ್ನ ಅಣ್ಣನೂ ಕೂರಬಹುದು. ಹಾಕು ಎಂದು ಅವನು ಕೇಳುವಂತಿಲ್ಲ ಅಷ್ಟೆ."

"ಬೇಡ," ಎಂದಳು. "ನಿನ್ನನ್ನು ಆ ಕೆಲಸಕ್ಕೆ ಕಳಿಸುವುದಿಲ್ಲ. ಇವತ್ತಂತೂ ಇಲ್ಲ."

ಊಟಕ್ಕೆ ನಾನು ಕೂರಲಿಲ್ಲ, ಕೊನೆಯ ಬಸ್ಸುಗಳ ನೆಪ ಹೇಳಿದೆ. ದಾರಿಯುದ್ದಕ್ಕೂ ಕಾಲು ಒಂದೆಡೆ ನಿಲ್ಲಲಿಲ್ಲ. ಮನೆಯಲ್ಲಿ ಅವ್ವ, "ಎಂತಾಯ್ತೆ, 'ಮದ್ವೆ' ಆಯ್ತಾ ಅವ್ರದು?" ಎಂದು ಕೇಳಿದಳು, ಮದುವೆ ಎಂಬ ಮಾತನ್ನು ಸ್ವಲ್ಪ ಎಳೆದು. ಆಯಿತು ಎಂದೆ. ಅಣ್ಣ ಬಂದಿದ್ನಾ ಎಂದಳು. ಬಂದಿದ್ದ ಎಂದೆ. "ಹಂಗಾರೆ ಆದ ಹಂಗೇಯ," ಎಂದು ಹೇಳಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ನಾನು ದಿನದ ಬಸ್ಸಿಗಿಂತ ಮೊದಲಿನದನ್ನು ಹಿಡಿದೆ. ಯಾರೂ ಹೇಳಿರಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ. ಲಾಡ್ಜಿನ ಮ್ಯಾನೇಜರು ಒಂಟಿ ಹುಡುಗಿಯನ್ನು ಕಂಡು ರಿಜಿಸ್ಟರಿನಿಂದ ತಲೆ ಎತ್ತಿ, ನನ್ನ ಕರಿ ಕೋಟು ನೋಡಿ, "ಮೇಲೆ, ಮೂಲೆ ರೂಮು. ಇನ್ನೊಬ್ರು ಬಾಯಿ ಆಗ್ಲೇ ಬಂದಾರೆ," ಎಂದ.

ಬಾಗಿಲು ತೆರೆದೇ ಇತ್ತು. ಅಣ್ಣ ಮಂಚದ ತುದಿಯಲ್ಲಿ, ಅಂಗಿ ಬೆನ್ನಿಗೆ ಅಂಟಿಕೊಂಡು ಕೂತಿದ್ದ. ತಂಗಿ ನೆಲದ ಮೇಲೆ, ನಿನ್ನೆಯ ಸೀರೆಯಲ್ಲೇ, ಗೋಡೆಗೆ ಒರಗಿದ್ದಳು. ಸ್ವಿಚ್ಚು ಅವಳ ತಲೆಯ ಮೇಲೇ ಇತ್ತು. ಕರೆಂಟು ಇತ್ತು, ಕೆಳಗೆ ಮ್ಯಾನೇಜರನ ಫ್ಯಾನು ತಿರುಗುತ್ತಿದ್ದದ್ದನ್ನು ನೋಡಿ ಬಂದಿದ್ದೆ. ಅವಳು ಮುಟ್ಟಿರಲಿಲ್ಲ. ಹಣೆಯಿಂದ ಬೆವರು ಇಳಿಯುತ್ತಿತ್ತು. ಇಬ್ಬರೂ ಏನೋ ಮಾತಾಡುತ್ತಿದ್ದವರು ನನ್ನನ್ನು ಕಂಡು ನಿಲ್ಲಿಸಿದರು.

"ನನಗೆ ಸೆಕೆಯಾಗುತ್ತಿದೆ," ಎಂದೆ. ಬಸ್ಸಿನಲ್ಲಿ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡು ಬಂದಿದ್ದ ಮಾತು.

ಒಳಗೆ ಹೋಗಿ ಸ್ವಿಚ್ಚು ಹಾಕಿದೆ. ಹಳೆಯ ಫ್ಯಾನು ಗರಗರ ಎಂದು ನಿಧಾನಕ್ಕೆ ತಿರುಗಲು ತೊಡಗಿತು. ನನಗಾಗಿಯೇ ಹಾಕಿಕೊಂಡದ್ದು ಎಂದಾಗಬೇಕಿದ್ದರೆ ಅದರ ಕೆಳಗೆ ನಾನು ಕೂರಬೇಕಿತ್ತು. ಬಾಗಿಲ ಬಳಿಯ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದುಕೊಂಡು, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಬೆವರು ಆರುವವರೆಗೆ ಕೂತೆ. ಅವರು ಮತ್ತೆ ಮಾತು ಶುರು ಮಾಡಿದ ಮೇಲೆ ಎದ್ದು ಕಚೇರಿಗೆ ಹೋದೆ.